ಆ ಹಾಳೆ ನಿಮ್ಮ ತಂದೆಯವರ ಕೈಗೇ ಹೋಗಲಿ

ಇಳಕಲ್ಲಿನ ಓದುಗರೊಬ್ಬರ ಪತ್ರದ ಸಾರ ಇಷ್ಟು. ನೇಕಾರರಾದ ಅವರ ತಂದೆಗೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಐದು ಮದ್ದುಗಳ ಆರ್-ಚಾಪ್ ಕೀಮೊ, ನಾಲ್ಕು ಸಲ ಮುಗಿದಿದೆ, ಸ್ಕ್ಯಾನ್ ಚೆನ್ನಾಗಿ ಬಂದಿದೆ. ಆದರೂ ಸುಸ್ತು, ನೋವು, ಓಡಾಟ ಹೇಗಿದೆ ಎಂದು ಕೇಳುವ ಮೂವತ್ತು ಪ್ರಶ್ನೆಗಳ ಹಾಳೆಯನ್ನು ಪ್ರತಿ ಸಲ ಕೊಡುತ್ತಾರೆ. ‘ಗಡ್ಡೆ ಕರಗಿದ ಮೇಲೆ ಇದೆಲ್ಲಾ ಯಾಕ್ರೀ? ಸುಖದುಃಖಕ್ಕ ಮಾರ್ಕ್ಸ್ ಹಾಕಾಕ ಬರತೈತೇನು? ಅಪ್ಪಗ ಕಾಟ ಬ್ಯಾಡಂತ ನಾನೇ ತುಂಬಿ ಕೊಡತೀನಿ.’

ಸ್ಕ್ಯಾನಿನ ಬಗ್ಗೆ ನೀವು ಹೇಳಿದ್ದು ಸರಿ. ಮದ್ದು ಹತ್ತಿದೆಯೋ ಇಲ್ಲವೋ ಎಂಬುದನ್ನು ಅದೇ ಹೇಳಬೇಕು. ಆದರೆ ‘ನಾನೇ ತುಂಬಿ ಕೊಡತೀನಿ’ ಅಂದಿರಲ್ಲ, ಅದು ತಪ್ಪು. ಮನೆಯವರು ತುಂಬಿದರೆ ಸಾಮಾನ್ಯವಾಗಿ ಸಂಕಟ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ವೈದ್ಯರು ಅಂದಾಜು ಮಾಡಿದರೆ ಕಡಿಮೆ. ಅಕ್ಷರ ಬಾರದವರಿಗೆ ಪ್ರಶ್ನೆಯನ್ನು ಇದ್ದಹಾಗೇ ಓದಿ ಹೇಳಿ, ಉತ್ತರ ಮಾತ್ರ ಅವರದೇ ಆಗಿರಲಿ.

ಕೊನೆಯ ಎರಡು ಪ್ರಶ್ನೆಗೆ 1ರಿಂದ 7, ಉಳಿದವಕ್ಕೆ 1ರಿಂದ 4 ಎಂದು ಬರೆದಿದ್ದೀರಿ. ಹಾಗಾದರೆ ಅದು ಕ್ಯೂಎಲ್‌ಕ್ಯೂ-ಸಿ30, ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟ ಅಳೆಯಲು 1993ರಲ್ಲಿ ಪ್ರಕಟವಾದದ್ದು. ಮೊದಲ ಐದು ಪ್ರಶ್ನೆ ಬಿಟ್ಟರೆ ಉಳಿದವು ಕಳೆದ ಒಂದು ವಾರದ್ದನ್ನಷ್ಟೇ ಕೇಳುತ್ತವೆ. ಸುಸ್ತಿಗೆ ಮೂರು ಪ್ರಶ್ನೆಗಳಿವೆ, 1 ಅಂದರೆ ಇಲ್ಲವೇ ಇಲ್ಲ, 4 ಅಂದರೆ ಬಹಳ. ಹೋದ ಸಲ 2, 3, 3 ಎಂದಿದ್ದರೆ ಸರಾಸರಿ 2.67, ಅದರಲ್ಲಿ ಒಂದು ಕಳೆದು, ಮೂರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಸುಮಾರು 56. ಈ ಸಲ 3, 4, 3 ಆದರೆ 78. ಹತ್ತು ಅಂಕದ ವ್ಯತ್ಯಾಸವೇ ರೋಗಿಯ ಅನುಭವಕ್ಕೆ ಬರುವಂಥದ್ದು ಎಂದು ಲೆಕ್ಕ, ಇಲ್ಲಿ ಇಪ್ಪತ್ತೆರಡು. ಸುಸ್ತಿನ ಅಂಕ ಏರಿದರೆ ಕೆಟ್ಟದ್ದು, ಓಡಾಟದ ಅಂಕ ಏರಿದರೆ ಒಳ್ಳೆಯದು. ಎರಡನ್ನೂ ಕೂಡಿಸಿ ಒಂದೇ ಮೊತ್ತ ಮಾಡಲು ಹೋಗಿ ಎಡವುವವರಿದ್ದಾರೆ.

ತುಂಬುವ ದಿನವೂ ಮುಖ್ಯ. ಪ್ರತಿ ಕೀಮೊದ ಮೊದಲ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯ ಹುರುಪು, ನಿದ್ದೆಯಿಲ್ಲ. ನಿಲ್ಲಿಸಿದೊಡನೆ ಮೈ ಕುಸಿಯುತ್ತದೆ. ಎರಡನೇ ವಾರದಲ್ಲಿ ಬಿಳಿ ರಕ್ತಕಣ ತಳ ಮುಟ್ಟುತ್ತವೆ. ಒಮ್ಮೆ ನಾಲ್ಕನೇ ದಿನ, ಇನ್ನೊಮ್ಮೆ ಹತ್ತನೇ ದಿನ ತುಂಬಿದರೆ ಹೋಲಿಕೆಗೆ ಅರ್ಥವೇ ಇಲ್ಲ. ಪ್ರತಿ ಸಲವೂ ಸಲೈನ್ ಹಚ್ಚುವ ಮುನ್ನ, ವೈದ್ಯರ ಕೋಣೆಗೆ ಹೋಗುವ ಮುನ್ನ, ಸ್ಕ್ಯಾನ್ ರಿಪೋರ್ಟ್ ಕಿವಿಗೆ ಬೀಳುವ ಮುನ್ನ ತುಂಬಬೇಕು.

ಈಗ ನಿಮ್ಮ ತಂದೆಯವರ ಬೆರಳುಗಳ ಮಾತು. ಆರ್-ಚಾಪ್‌ನಲ್ಲಿರುವ ವಿನ್‌ಕ್ರಿಸ್ಟಿನ್ ನರಗಳನ್ನು ಹಿಡಿಯುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಕೈಗೆ ಆ ಎಳೆಯೇ ತಾಕದಿದ್ದರೆ? ಅಂಗಿಯ ಗುಂಡಿ ಹಾಕುವುದೂ ಕಷ್ಟವಾದೀತು. ಬೇಗ ಹೇಳಿದರೆ ಡೋಸ್ ಇಳಿಸಬಹುದು, ಬೇಕಾದರೆ ನಿಲ್ಲಿಸಬಹುದು. ತಡವಾದರೆ ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಸಿ30ಯಲ್ಲಿ ಮಲಬದ್ಧತೆಗೆ ಪ್ರಶ್ನೆಯಿದೆ, ಜೋಮಿಗೆ ಇಲ್ಲ! ಲಿಂಫೋಮಾಕ್ಕೆಂದೇ ಇರುವ 42 ಪ್ರಶ್ನೆಗಳ ಫ್ಯಾಕ್ಟ್-ಲಿಂ ಎಂಬ ಇನ್ನೊಂದು ಹಾಳೆಯಲ್ಲಿ ರಾತ್ರಿ ಬೆವರು, ಜ್ವರ, ತುರಿಕೆ, ಸೋಂಕಿನ ಭಯ ಎಲ್ಲ ಇವೆ, ಜೋಮು ಅಲ್ಲೂ ಇಲ್ಲ. ಜೋಮಿದ್ದರೆ ಹಾಳೆಯ ಕೆಳಗೆ ಕೈಯಲ್ಲಿ ಬರೆಯಿರಿ.

2017ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯ ಈಥನ್ ಬ್ಯಾಷ್ ಅವರ ತಂಡ 766 ರೋಗಿಗಳ ಫಲಿತಾಂಶ ಪ್ರಕಟಿಸಿತು. ತಮ್ಮ ತೊಂದರೆಯನ್ನು ತಾವೇ ನಿಯಮಿತವಾಗಿ ದಾಖಲಿಸಿದವರ ಬದುಕಿನ ಮಧ್ಯಕ (ಅರ್ಧದಷ್ಟು ಜನ ದಾಟಿದ ಅವಧಿ) 31.2 ತಿಂಗಳು, ಉಳಿದವರದು 26. ಅವು ಅಂಗಗಳಲ್ಲಿ ಹುಟ್ಟಿ ಹರಡಿದ ಗಡ್ಡೆ ಕ್ಯಾನ್ಸರುಗಳು, ಲಿಂಫೋಮಾ ಅಲ್ಲ. ಆದರೆ ಅಲ್ಲಿ ತೀವ್ರ ತೊಂದರೆ ದಾಖಲಾದೊಡನೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. ನಮ್ಮಲ್ಲಿ ಎಷ್ಟೋ ಕಡೆ ಹಾಳೆ ಫೈಲು ಸೇರುತ್ತದೆ, ಯಾರೂ ತೆರೆಯುವುದಿಲ್ಲ. ಸಿಟ್ಟು ಬರುವುದು ಇಲ್ಲಿ.

ಇನ್ನು ಭಾಷೆ. ‘ಆರಾಮ ಅದೀರೇನ್ರಿ?’ ಎಂದು ಕೇಳಿದರೆ ಬಾಗಲಕೋಟೆ ಸೀಮೆಯಲ್ಲಿ ಸಾಯುವ ಸಂಕಟದಲ್ಲೂ ‘ಆರಾಮ ಅದೀನ್ರಿ’ ಎನ್ನುತ್ತಾರೆ. ಅದು ಮರ್ಯಾದೆಯ ಮಾತು, ಉತ್ತರವಲ್ಲ. ಅದಕ್ಕೇ ಹಾಳೆ ಬೇಕು. ಆದರೆ ಆ ಹಾಳೆಯ ಮೇಲೆ ‘ಉದ್ವಿಗ್ನತೆ’ ಎಂದು ಅಚ್ಚು ಹಾಕಿದರೆ ಹಿರಿಯರು ಏನು ಗುರುತು ಹಾಕಬೇಕು? ಅನುವಾದಕ್ಕೆ ಕ್ರಮವಿದೆ: ಇಬ್ಬರು ಬೇರೆ ಬೇರೆ ಅನುವಾದಿಸಿ, ಹೊಂದಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ, ಆಮೇಲೆ ರೋಗಿಗಳ ಮುಂದೆ ಓದಬೇಕು. ಆ ರೋಗಿಗಳಲ್ಲಿ ಹುನಗುಂದ, ಇಂಡಿ, ಗೋಕಾಕದವರೂ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಐದನೇ ಕೀಮೊಕ್ಕೆ ಹೋದಾಗ ಹಿಂದಿನ ನಾಲ್ಕೂ ಹಾಳೆಗಳ ಜೆರಾಕ್ಸ್ ಕೇಳಿ ಪಡೆಯಿರಿ. ಹೊಸದನ್ನು ತಂದೆಯವರ ಕೈಗೆ ಕೊಟ್ಟು, ನೀವು ಹೊರಗೆ ಕೂತಿರಿ.