ದುಡಿಮೆಯಲ್ಲಿ ನಾವೇನು ಕಡಿಮೆ?

ಪ್ರಶ್ನೆ: ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. 1960ರ ಸುಮಾರಿಗೆ ದಕ್ಷಿಣ ಕೊರಿಯಾ ಕೂಡ ನಮ್ಮಷ್ಟೇ ಬಡ ದೇಶವಾಗಿತ್ತಂತೆ. ಈಗ ಅವರು ಹಡಗು ಕಟ್ಟುತ್ತಾರೆ, ಚಿಪ್ ಮಾಡುತ್ತಾರೆ. ನಮ್ಮವರು ಮೈಗಳ್ಳರು, ಅದೇ ಕಾರಣ ಎಂದು ನನ್ನ ಮಗ ವಾದಿಸುತ್ತಾನೆ. ನಮ್ಮ ಹುಡುಗರು ದಿನಕ್ಕೆ ಹನ್ನೆರಡು ಗಂಟೆ ಯಂತ್ರದ ಮುಂದೆ ನಿಲ್ಲುತ್ತಾರಲ್ಲ ಸರ್?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಡವ ಎಂದರೆ ಸೋಮಾರಿ ಎನ್ನುವ ಮಾತು ಕೇಳಿದರೆ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ದಿನಗಳಿಂದಲೂ ನನಗೆ ಮೈ ಉರಿಯುತ್ತದೆ. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗಿಂತ ಕೊರಿಯಾದ ರಾಜಧಾನಿ ಸೋಲ್ ನಗರದ ಗುಮಾಸ್ತ ಹೆಚ್ಚು ಬೆವರು ಸುರಿಸುತ್ತಾನೆಯೇ? ಒಂದು ಗಂಟೆಯ ದುಡಿಮೆಯಿಂದ ಎಷ್ಟು ಬೆಲೆಯ ವಸ್ತು ಹುಟ್ಟುತ್ತದೆ ಎಂದು ನೋಡಬೇಕು.

'ನಮ್ಮಷ್ಟೇ ಬಡವರು' ಎನ್ನುವುದೂ ಪೂರ್ತಿ ಸರಿಯಲ್ಲ. ವಿಶ್ವಬ್ಯಾಂಕಿನ ಲೆಕ್ಕದಂತೆ 1960ರಲ್ಲಿ ಅವರ ತಲಾ ಉತ್ಪನ್ನ ಸುಮಾರು 158 ಡಾಲರ್, ನಮ್ಮದು 80ರ ಆಸುಪಾಸು. ಈಗ ಅವರದು 30 ಸಾವಿರ ದಾಟಿದೆ, ನಮ್ಮದು 2,500ರ ಸುತ್ತಮುತ್ತ ಇದೆ.

ಅವರು ಮೊದಲು ನೆಲ ಹಂಚಿದರು. 1950ರ ಭೂಸುಧಾರಣೆಯಲ್ಲಿ ಒಂದು ಕುಟುಂಬಕ್ಕೆ ಸುಮಾರು ಮೂರು ಹೆಕ್ಟೇರಿನ ಮಿತಿ ಬಿತ್ತು. ಗೇಣಿದಾರ ಒಡೆಯನಾದ, ಮಕ್ಕಳನ್ನು ಶಾಲೆಗೆ ಕಳಿಸಿದ. ಇತ್ತ ನಮ್ಮ 1961ರ ಜನಗಣತಿಯಲ್ಲಿ ಅಕ್ಷರಸ್ಥರು ಶೇ. 28 ಮಾತ್ರ.

ಆಮೇಲೆ ಸೇನೆಯ ಬಲದಿಂದ ಗದ್ದುಗೆ ಏರಿದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಕೂಡ ನಮ್ಮಂತೆಯೇ ಕಾರ್ಖಾನೆಗಳಿಗೆ ಸಾಲ ಕೊಟ್ಟರು, ಸುಂಕದ ಬೇಲಿ ಕಟ್ಟಿದರು. ಆದರೆ ಅಲ್ಲಿ ಅಗ್ಗದ ಸಾಲ ಬೇಕಾದವನು ರಫ್ತು ಮಾಡಿ ತೋರಿಸಬೇಕಿತ್ತು. ರಫ್ತಿನ ಲೆಕ್ಕ ಕೇಳಲು ತಿಂಗಳಿಗೊಮ್ಮೆ ಸ್ವತಃ ಅಧ್ಯಕ್ಷರೇ ಸಭೆಯಲ್ಲಿ ಕೂರುತ್ತಿದ್ದರು. ಆಗ ನಮ್ಮಲ್ಲಿ ಕಾರ್ಖಾನೆಗೆ ಸರ್ಕಾರದ ಲೈಸೆನ್ಸ್ ಸಿಕ್ಕರೆ ಸಾಕಿತ್ತು, ಪರೀಕ್ಷೆ ಮುಗಿದಂತೆ. ನಿಮ್ಮ ನೆರೆಯ ಜಾಲಹಳ್ಳಿಯನ್ನೇ ನೋಡಿ. 1961ರಲ್ಲಿ ಸರ್ಕಾರಿ ಕಂಪನಿ ಎಚ್‌ಎಂಟಿ ಅಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಮದುವೆಯಲ್ಲಿ ಅಳಿಯನಿಗೆ ಅದೇ ವಾಚು ಆಗಬೇಕಿತ್ತು. ಕೊಳ್ಳುವವರು ಹೇಗೂ ಸಾಲುಗಟ್ಟಿ ನಿಂತಿದ್ದರು, ಹೊರಗಿನವರ ಪೈಪೋಟಿ ಇರಲಿಲ್ಲ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚಿನ ಕಾಲ ಬಂದಾಗ ಟೈಟಾನ್ ಮುಂದೆ ಹೋಯಿತು, ಎಚ್‌ಎಂಟಿ ಕೀಲಿ ಕೊಡುವ ವಾಚನ್ನೇ ನೆಚ್ಚಿಕೊಂಡಿತು. ಕೆಲಸಗಾರರ ಕೈಚಳಕಕ್ಕೆ ಕೊರತೆಯಿರಲಿಲ್ಲ. ನಿಮ್ಮ ಲೇತ್ ಎಚ್‌ಎಂಟಿಯದಾಗಿದ್ದರೆ ನಿಮಗೇ ಗೊತ್ತಿರುತ್ತದೆ.

ಹಾಗೆಂದು ಸರ್ವಾಧಿಕಾರಿ ಬೇಕೆಂದು ನಿಮ್ಮ ಮಗ ಹೊಸ ವಾದ ತೆಗೆದಾನು. ಪಾರ್ಕ್ ಆಳ್ವಿಕೆಯಲ್ಲಿ ಕಾರ್ಮಿಕರು ಸಂಘ ಕಟ್ಟಿದರೆ ಪೊಲೀಸರು ಬರುತ್ತಿದ್ದರು, ಅಮೆರಿಕದ ನೆರವೂ ಧಾರಾಳವಾಗಿತ್ತು. ಉತ್ತರ ಕೊರಿಯಾದಲ್ಲೂ ಸರ್ವಾಧಿಕಾರವೇ. ಜನವೂ ಅದೇ, ಭಾಷೆಯೂ ಅದೇ. ಜಪಾನೀಯರು ಕೊರಿಯಾವನ್ನು ಆಳುತ್ತಿದ್ದ ಕಾಲದ ಭಾರೀ ಕೈಗಾರಿಕೆ, ಜಲವಿದ್ಯುತ್ತು ಬಹುಪಾಲು ಉತ್ತರದಲ್ಲೇ ಇದ್ದವು. ಏನಾಯಿತು?

ಇನ್ನು ನಿಮ್ಮ ಹುಡುಗರ ಹನ್ನೆರಡು ಗಂಟೆ. ಅದರಲ್ಲಿ ಕರೆಂಟಿಗೆ ಕಾದದ್ದೆಷ್ಟು, ಕಚ್ಚಾ ಮಾಲು ತರುವ ಟೆಂಪೊ ತುಮಕೂರು ರಸ್ತೆಯಲ್ಲಿ ಸಿಕ್ಕಿಕೊಂಡದ್ದೆಷ್ಟು, ಅಳತೆ ತಪ್ಪಿ ಗುಜರಿಗೆ ಹೋದ ಮಾಲೆಷ್ಟು ಎಂದು ಒಂದು ವಾರ ಬರೆದಿಡಿ. ಬಿಲ್ಲಿನ ಹಣ ಬಾರದೆ ಹೊಸ ಯಂತ್ರದ ಆಸೆ ಬಿಟ್ಟಿದ್ದರೆ ಅದನ್ನೂ ಸೇರಿಸಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ನಿಮ್ಮದು ಆಗಿದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.