ಪೈಥಾನ್‌ನಲ್ಲಿ ಕಿಟಕಿ, ಬಟನ್‌ಗಳನ್ನು ಕಟ್ಟುವ ಟಿಕಿಂಟರ್‌ನಲ್ಲಿ ಪ್ರತಿ ವಿಜೆಟ್‌ನ (ಬಟನ್, ಲೇಬಲ್‌ನಂಥ ಭಾಗದ) ಅಳತೆಯನ್ನೂ ಪಿಕ್ಸೆಲ್‌ನಲ್ಲೇ ಗೊತ್ತುಮಾಡುವುದು ಹೇಗೆ?

ಬಟನ್‌ಗೆ ವಿಡ್ತ್ 200 ಎಂದು ಕೊಟ್ಟಾಗ ಅದು ಪರದೆಯನ್ನೇ ಮೀರಿ ಹೋಗುತ್ತದೆ ಎಂದಿದ್ದೀರಿ. ಪಠ್ಯವಿರುವ ಬಟನ್, ಲೇಬಲ್‌ಗಳಲ್ಲಿ ಆ ಸಂಖ್ಯೆ ಪಿಕ್ಸೆಲ್ ಅಲ್ಲ; ಸೊನ್ನೆಯ ಅಗಲದ ಲೆಕ್ಕದಲ್ಲಿ ಎಷ್ಟು ಅಕ್ಷರ ಹಿಡಿಸಬೇಕು ಎಂಬುದು. ಪಿಕ್ಸೆಲ್ಲೇ ಬೇಕೆಂದು ಹಟ ಹಿಡಿದರೆ ಜಾಗ, ಅಳತೆಯನ್ನು ಪಿಕ್ಸೆಲ್‌ನಲ್ಲಿ ಬರೆಯಲು ಪ್ಲೇಸ್ ಎಂಬ ವಿಧಾನ ಇದೆ, ಆದರೆ ಅದನ್ನು ಮುಟ್ಟಬೇಡಿ ಎಂದೇ ನಾನು ಹೇಳುವುದು.

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರಿಗೆ ತೂಕದ ಲೆಕ್ಕದ ತಂತ್ರಾಂಶವೊಂದನ್ನು ಬರೆದುಕೊಟ್ಟಾಗ, ಚೀಲ, ತೇವಾಂಶ, ಔಟ್‌ಟರ್ನ್, ದರ ಎಂಬ ಪ್ರತಿಯೊಂದು ಲೇಬಲ್‌ನ ಜಾಗ, ಅಗಲ, ಎತ್ತರವನ್ನು ನಾನು ಪ್ಲೇಸ್‌ನಲ್ಲೇ ಬರೆದಿದ್ದೆ. ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹಿಗ್ಗಿಸಿ ತೋರಿಸುವ ವಿಂಡೋಸ್ ಸ್ಕೇಲಿಂಗ್ 150% ಇದ್ದುದರಿಂದ ಅಕ್ಷರಗಳು ಮಸುಕಾಗಿ ಕಂಡವು. ಮಸುಕು ಹೋಗಲೆಂದು, ಈ ಪ್ರೋಗ್ರಾಂ ಡಿಪಿಐ (ಪರದೆಯ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಬಲ್ಲದು ಎಂದು ವಿಂಡೋಸ್‌ಗೆ ತಿಳಿಸುವ ಸಾಲೊಂದನ್ನು ಸೇರಿಸಿದೆ. ಎಡವಿದ್ದು ಅಲ್ಲೇ. ಫಾಂಟ್ ಅಳತೆ ಇಂಚಿನ ಲೆಕ್ಕದ ಪಾಯಿಂಟ್‌ನಲ್ಲಿರುವುದರಿಂದ, 96 ಡಿಪಿಐನಲ್ಲಿ 16 ಪಿಕ್ಸೆಲ್ ಆಗಿದ್ದ 12 ಪಾಯಿಂಟ್ ಅಕ್ಷರ ಅದರ 150% ಆದ 144 ಡಿಪಿಐನಲ್ಲಿ 24 ಪಿಕ್ಸೆಲ್ ಆಗುತ್ತದೆ. ನಾನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದ್ದ ಪೆಟ್ಟಿಗೆಗಳು ಮಾತ್ರ ಇದ್ದಷ್ಟೇ ಉಳಿದವು. ಅಕ್ಷರ ಬೆಳೆಯಿತು, ಪೆಟ್ಟಿಗೆ ಬೆಳೆಯಲಿಲ್ಲ. ರೊಬಸ್ಟಾ ಎಂಬಲ್ಲಿ ಟ ಒತ್ತು ಕತ್ತರಿಸಿಹೋಗಿ 'ರೊಬಸಾ' ಎಂದು ಕಂಡದ್ದನ್ನು ನೋಡಿ ಎಲ್ಲರೂ ನಕ್ಕೆವು. ಪಕ್ಕದಲ್ಲೇ 27.5 ಎಂದಿರಬೇಕಾದ ಔಟ್‌ಟರ್ನ್ ಬರೀ 27 ಎಂದು ಕಾಣುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಗುಮಾಸ್ತರು ಪರದೆ ನೋಡಿ ಕೈಯಲ್ಲೇ ಚೀಟಿ ಬರೆಯುತ್ತಿದ್ದರು. ಒಂದು ಚೀಲ, ಅಂದರೆ 50 ಕೆ.ಜಿ. ಚೆರ್ರಿಯಿಂದ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನಿಂದ) ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬುದೇ ಔಟ್‌ಟರ್ನ್ ಆದ್ದರಿಂದ, ಚೀಲವೊಂದಕ್ಕೆ ಅರ್ಧ ಕೆ.ಜಿ. ಬೀಜದ ಹಣ ಬೆಳೆಗಾರರ ಕೈತಪ್ಪಿತು. ಲೆಕ್ಕ ಹಾಕಿಕೊಂಡೇ ಬಂದಿದ್ದ ಹಿರಿಯ ಬೆಳೆಗಾರರೊಬ್ಬರು ಚೀಟಿಯನ್ನು ಮೇಜಿನ ಮೇಲಿಟ್ಟು ವಿಚಾರಿಸಿದ ಮೇಲೆ ವಿಷಯ ಹೊರಬಿತ್ತು. ವ್ಯಾಪಾರಿ ವ್ಯತ್ಯಾಸದ ಹಣ ಕೊಟ್ಟರು, ನನ್ನ ಬಾಕಿಯನ್ನು ಕೊಡಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ ಎನ್ನುತ್ತೇನೆ. ತನ್ನ ಪಠ್ಯಕ್ಕೆ ಎಷ್ಟು ಜಾಗ ಬೇಕೆಂದು ವಿಜೆಟ್‌ಗೇ ಗೊತ್ತಿರುತ್ತದೆ, ಅದರಲ್ಲೂ ಮೇಲೆ ಗುಡಿಸು, ಕೆಳಗೆ ಒತ್ತು ಇರುವ ಕನ್ನಡದ ಎತ್ತರವನ್ನು ನೀವು ಊಹಿಸಲು ಹೋಗಬಾರದು. ನೀವು ತೀರ್ಮಾನಿಸಬೇಕಾದದ್ದು ಕಿಟಕಿ ಹಿಗ್ಗಿದಾಗ ಉಳಿಯುವ ಜಾಗ ಯಾರ ಪಾಲು ಎಂಬುದನ್ನಷ್ಟೇ. ಸಾಲು-ಕಾಲಂಗಳಲ್ಲಿ ಜೋಡಿಸುವ ಗ್ರಿಡ್ ಬಳಸಿ, ಎಂಟ್ರಿಗಳಿರುವ (ಪಠ್ಯ ತುಂಬುವ ಪೆಟ್ಟಿಗೆಗಳಿರುವ) ಕಾಲಂಗೆ ವೇಟ್ (ಉಳಿದ ಜಾಗದಲ್ಲಿ ಪಾಲು) 1 ಕೊಡಿ, ಎಂಟ್ರಿಗಳಿಗೆ ಸ್ಟಿಕಿಯಲ್ಲಿ (ಯಾವ ಅಂಚಿಗೆ ಅಂಟಬೇಕು ಎಂಬುದರಲ್ಲಿ) ಪೂರ್ವ-ಪಶ್ಚಿಮ ಎರಡನ್ನೂ ಹಾಕಿ. ವೇಟ್ ತಾನಾಗಿ ಇರುವುದು 0. ಅದನ್ನು ಮರೆತರೆ ಕಿಟಕಿಯನ್ನು ಎಷ್ಟು ಹಿಗ್ಗಿಸಿದರೂ ಎಲ್ಲವೂ ಎಡ ಮೇಲ್ಮೂಲೆಯಲ್ಲೇ ಮುದುಡಿ ಕೂರುತ್ತದೆ. ವಿಜೆಟ್‌ಗಳನ್ನು ಗುಂಪಾಗಿಡುವ ಫ್ರೇಮಿನೊಳಗೆ ಇನ್ನೊಂದು ಫ್ರೇಮ್ ಇದ್ದರೆ ಹೊರಗಿನದಕ್ಕೂ ಪ್ರತ್ಯೇಕವಾಗಿ ವೇಟ್ ಕೊಡಬೇಕು.

ಕಿಟಕಿ ತೀರಾ ಕುಗ್ಗಬಾರದೆಂದಿದ್ದರೆ, ಎಲ್ಲವನ್ನೂ ಜೋಡಿಸಿದ ಮೇಲೆ ಬಾಕಿ ಇರುವ ಅಳತೆಯ ಕೆಲಸವನ್ನು ಮುಗಿಸುವ ಅಪ್‌ಡೇಟ್ ಐಡಲ್‌ಟಾಸ್ಕ್ಸ್ ಕರೆದು, ಕಿಟಕಿ ತಾನೇ ಕೇಳುವ ಅಗಲ-ಎತ್ತರವನ್ನು ಮಿನ್‌ಸೈಜ್‌ಗೆ (ಕನಿಷ್ಠ ಅಳತೆಗೆ) ಕೊಡಿ. ಅದಕ್ಕೂ ಮೊದಲೇ ವಿಜೆಟ್‌ನ ಅಗಲ ಕೇಳಿದರೆ 1 ಎಂಬ ಉತ್ತರ ಬರುತ್ತದೆ.