ಹಂದಿಗೆ ಕಟ್ಟಿದ ಉರುಳು ಹಂದಿಗೇ ಬೀಳುತ್ತದೆಯೇ?

ಮುಸುಕಿನ ಜೋಳ ತೆನೆಗಟ್ಟುವ ಹೊತ್ತಿಗೆ ವನ್ಯಜೀವಿ ವೈದ್ಯನಾದ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಉರುಳಿನ ಬಗ್ಗೆಯೇ ಇರುತ್ತವೆ. ಬರೆಯುವವರು ಬೇರೆ ಬೇರೆ, ಕೇಳುವುದು ಒಂದನ್ನೇ. ಈ ಸಲ ಆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಬೆಳೆಯೆಲ್ಲ ಹಂದಿ ಪಾಲಾಗುತ್ತಿದೆ. ಹಂದಿಗೆ ಮಾತ್ರ ಉರುಳು ಹಾಕಲು ರೈತರಿಗೆ ಅನುಮತಿ ಕೊಟ್ಟರೆ ತಪ್ಪೇನು? ಅಕಸ್ಮಾತ್ ಚಿರತೆ ಬಿದ್ದರೆ ಬಿಡಿಸಿ ಕಾಡಿಗೆ ಬಿಟ್ಟರಾಯಿತಲ್ಲ?

ಹಂದಿಗೆ ಮಾತ್ರ ಬೀಳುವ ಉರುಳು ಇಲ್ಲ. ಕುಣಿಕೆಗೆ ಒಂದು ಗಂಟು ಹಾಕಿ, ‘ಇದು ಬಿಗಿಯುವುದಿಲ್ಲ, ಬೇರೆ ಪ್ರಾಣಿಗೆ ಅಪಾಯವಿಲ್ಲ’ ಎಂದು ವಿಡಿಯೊ ಮಾಡುವವರು ನಿಮ್ಮನ್ನು ದಾರಿ ತಪ್ಪಿಸುತ್ತಿದ್ದಾರೆ. ಬೇಲಿಯ ಗಂಡಿಯಲ್ಲಿ ಹಂದಿಯ ಕುತ್ತಿಗೆ ಮಟ್ಟಕ್ಕೆ ಬೈಕಿನ ಕ್ಲಚ್ ವೈರ್ ಕಟ್ಟುತ್ತೀರಿ. ರಾತ್ರಿ ಅದೇ ಗಂಡಿಯಲ್ಲಿ ಚಿರತೆ ಬರುತ್ತದೆ, ಕರಡಿ ಬರುತ್ತದೆ, ನಿಮ್ಮ ಮನೆಯ ನಾಯಿಯೂ ಬರುತ್ತದೆ. ಹಂದಿಗೆ ಹದವಾದ ಕುಣಿಕೆಯಲ್ಲಿ ಚಿರತೆಯ ತಲೆ, ಭುಜ ಸಲೀಸಾಗಿ ದಾಟಿಬಿಡುತ್ತವೆ. ವೈರ್ ಕಚ್ಚಿಕೊಳ್ಳುವುದು ಸೊಂಟದಲ್ಲಿ. ಮುಂದಕ್ಕೆ ಎಳೆದಷ್ಟೂ ಬಿಗಿ.

ಇನ್ನು ‘ಬಿಡಿಸಿ ಬಿಟ್ಟರಾಯಿತು’ ಎಂಬ ಮಾತು. ನನಗೆ ಸಿಟ್ಟು ಬರುವುದೇ ಇಲ್ಲಿ. ಬಿಡಿಸಿದ ಚಿರತೆಯನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ಎಷ್ಟೋ ಸಲ ಸೊಂಟದ ಸುತ್ತ ಕೂದಲು ಒತ್ತಿಹೋದ ಒಂದು ಗೆರೆ ಬಿಟ್ಟರೆ ಏನೂ ಕಾಣುವುದಿಲ್ಲ. ಬಾಯಿ ತೆರೆದರೆ ಕೋರೆಹಲ್ಲು ಮುರಿದಿರುತ್ತದೆ, ವೈರನ್ನು ಕಚ್ಚಿ ಕಚ್ಚಿ. ಕತ್ತರಿಸಿ ತೆಗೆದ ವೈರಿನ ಎಳೆಗಳ ನಡುವೆ ಹಳದಿ ಕೂದಲು ಸಿಕ್ಕಿಕೊಂಡಿರುತ್ತದೆ. ಹೊರಗೆ ನೆರೆದವರು ‘ಗಾಯವೇ ಇಲ್ಲ, ಬಿಟ್ಟುಬಿಡಿ ಸಾರ್’ ಎನ್ನುತ್ತಿರುತ್ತಾರೆ.

ಗಾಯ ಇರುವುದು ಒಳಗೆ. ಗಂಟೆಗಟ್ಟಲೆ ರಕ್ತ ಹರಿಯದ ಚರ್ಮ ಮತ್ತು ಮಾಂಸ ಸಾಯತೊಡಗುತ್ತವೆ. ಆದರೆ ಅದು ಕೊಳೆತು ಬಾಯಿ ಬಿಡುವುದಕ್ಕೆ ಕೆಲವು ದಿನ ಬೇಕು. ಕರುಳು, ಮೂತ್ರಕೋಶ ಜಜ್ಜಿಹೋಗಿರಬಹುದು. ಇದರ ಜೊತೆಗೆ, ಬಿಡಿಸಿಕೊಳ್ಳಲು ಹೆಣಗಾಡಿದ ಸ್ನಾಯುಗಳು ಒಡೆದು ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲಾರದೆ ಮೂತ್ರಪಿಂಡ ಕೈಕೊಡುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತೆಂದರೆ ನನ್ನ ಎದೆ ಕುಸಿಯುತ್ತದೆ. ಅಂಥ ಪ್ರಾಣಿಯನ್ನು ಸಂಜೆಯೇ ಕಾಡಿಗೆ ಬಿಟ್ಟರೆ ಅದು ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ, ಊರಿನವರು ಬದುಕಿತೆಂದು ನಂಬಿರುತ್ತಾರೆ. ಅದಕ್ಕೇ ನಾನು ಕೆಲವು ದಿನ ಇಟ್ಟುಕೊಂಡು ನೋಡಲೇಬೇಕೆಂದು ಹಟ ಹಿಡಿಯುವುದು. ಅತಿ ಎಚ್ಚರಿಕೆ ಎನ್ನುವವರು ಎನ್ನಲಿ. ಕರ್ನಾಟಕದಲ್ಲಿ 2009ರಿಂದ 2020ರವರೆಗೆ ವರದಿಯಾದ ಇಂಥ 100ಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿದ ಅಧ್ಯಯನವೊಂದಿದೆ; ಸಿಕ್ಕಿಬಿದ್ದ ಚಿರತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು.

ಅನುಮತಿಯ ವಿಷಯ. ಉರುಳನ್ನು ನಿಷೇಧಿಸಬೇಕೇ ಬೇಡವೇ ಎಂದು ಇನ್ನೂ ವಾದಿಸುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಓದಿಲ್ಲ. ಉರುಳು ಹಾಕಿ ಹಿಡಿಯುವುದಷ್ಟೇ ಅಲ್ಲ, ಹಿಡಿಯುವ ಪ್ರಯತ್ನವೂ ಅದರಲ್ಲಿ ಬೇಟೆಯೇ. ‘ಖಾಲಿ ಉರುಳು, ಏನೂ ಬಿದ್ದಿರಲಿಲ್ಲ’ ಎಂಬ ಸಬೂಬು ನಡೆಯುವುದಿಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು 11ನೇ ಸೆಕ್ಷನ್ನಿನಡಿ ಅಧಿಕಾರಿಯ ಲಿಖಿತ ಅನುಮತಿ ಪಡೆಯುವ ದಾರಿ ಇದೆ. ಆ ದಾರಿ ನಿಧಾನ, ಪರಿಹಾರದ ಹಣವೂ ನಿಧಾನ. ರೈತರ ಈ ಸಿಟ್ಟು ನ್ಯಾಯವಾದದ್ದು. ಒಂದು ರಾತ್ರಿಯಲ್ಲಿ ಎಕರೆ ಜೋಳ ಮಲಗಿದ್ದನ್ನು ನಾನೂ ಕಂಡಿದ್ದೇನೆ. ಅನುಮತಿ ಬೇಗ ಕೊಡಿ, ಸೋಲಾರ್ ಬೇಲಿಗೆ ಸಹಾಯಧನ ಹೆಚ್ಚಿಸಿ ಎಂದು ಕೇಳಿ, ನಾನೂ ನಿಮ್ಮ ಜೊತೆ ಕೇಳುತ್ತೇನೆ. ಕೋವಿ ಹಿಡಿದವನಿಗೆ ಎದುರಿಗಿರುವುದು ಹಂದಿಯೋ ಅಲ್ಲವೋ ಕಾಣುತ್ತದೆ. ಕಟ್ಟಿಟ್ಟು ಮನೆಗೆ ಹೋಗಿ ಮಲಗಿದವನಿಗೆ ಕಾಣುವುದಿಲ್ಲ.

ಉರುಳಿನಲ್ಲಿ ಚಿರತೆ ಕಂಡರೆ ನೀವಾಗಿ ವೈರ್ ಕತ್ತರಿಸಬೇಡಿ. ಗೂಟ ಕಿತ್ತುಕೊಂಡು ಮೇಲೆರಗಬಹುದು. ಜನರನ್ನು ದೂರ ಕಳಿಸಿ, ಮೊಬೈಲ್ ಎತ್ತಿಕೊಂಡು ಹತ್ತಿರ ಹೋಗುವವರನ್ನಂತೂ ಮೊದಲು ತಡೆಯಿರಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಗದ್ದಲ ಹೆಚ್ಚಿದಷ್ಟೂ ಅದು ಒದ್ದಾಡುತ್ತದೆ, ಮೈ ಕಾವೇರುತ್ತದೆ, ಅರಿವಳಿಕೆ ಕೊಡುವುದು ಅಪಾಯವಾಗುತ್ತದೆ.

ಪ್ರಶ್ನೆ: ವಿದೇಶಗಳಲ್ಲಿ ಉರುಳಿಗೆ ಅನುಮತಿ ಇದೆಯಂತಲ್ಲ?

ವೇಲ್ಸ್ 2023ರಲ್ಲಿ, ಸ್ಕಾಟ್ಲೆಂಡ್ 2024ರಲ್ಲಿ ನಿಷೇಧಿಸಿದವು. ‘ಸುಧಾರಿತ ಉರುಳಿನಿಂದ ನೋವಾಗುವುದಿಲ್ಲ’ ಎಂಬ ವಾದ ಅಲ್ಲೂ ಕೇಳಿಬಂದಿತ್ತು, ನಿಲ್ಲಲಿಲ್ಲ.

ಪ್ರಶ್ನೆ: ಉರುಳಿಗೆ ಬಿದ್ದ ನಾಯಿಯನ್ನು ನಿನ್ನೆ ಬಿಡಿಸಿದೆವು. ಚೆನ್ನಾಗಿ ಓಡಾಡುತ್ತಿದೆ. ಅರಿಶಿನ ಹಚ್ಚಿದರೆ ಸಾಕೇ?

ಸಾಲದು. ಮೇಲೆ ಬರೆದದ್ದೆಲ್ಲ ನಾಯಿಗೂ ಅನ್ವಯ. ಇವತ್ತೇ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಾಡುಹಂದಿಯ ನೆಣ ಸವರಿದರೆ ಮಂಡಿನೋವು, ಲಕ್ವ ವಾಸಿಯಾಗುತ್ತದೆ ಎಂದು ನಮ್ಮ ಕಡೆಯ ನಾಟಿ ವೈದ್ಯರೊಬ್ಬರು ಹೇಳುತ್ತಾರೆ. ನಿಜವೇ?

ಸುಳ್ಳು. ಲಕ್ವ ಹೊಡೆದವರನ್ನು ಮೊದಲ ಗಂಟೆಗಳಲ್ಲೇ ಆಸ್ಪತ್ರೆಗೆ ಸೇರಿಸಬೇಕು. ಆ ಹೊತ್ತಿನಲ್ಲಿ ನೆಣ ತಿಕ್ಕುತ್ತ ಕೂರಿಸುವವನು ರೋಗಿಯ ಕೈಕಾಲು ಕಸಿಯುತ್ತಾನೆ. ಅವನ ನೆಣದ ಡಬ್ಬಿಗಾಗಿ ಇನ್ನಷ್ಟು ಉರುಳು ಬೀಳುತ್ತವೆ ಎಂಬುದನ್ನೂ ತಿಳಿದಿರಿ.

ಪ್ರಶ್ನೆ: ಉರುಳು ಬೇಡವೆಂದರೆ ಬೇಲಿಗೆ ಮನೆಯ ಲೈನಿನಿಂದಲೇ ಕರೆಂಟ್ ಕೊಡಬಹುದೇ?

ಬೇಡ. ಅದರಿಂದ ಮನುಷ್ಯರೇ ಸತ್ತಿದ್ದಾರೆ. ಸೋಲಾರ್ ಬೇಲಿಯಲ್ಲಿ ಹರಿಯುವುದು ಕ್ಷಣಮಾತ್ರದ ಹೊಡೆತ, ಮನೆಯ ಲೈನಿನದು ಹಿಡಿದರೆ ಬಿಡುವುದಿಲ್ಲ.